ಸೂಜಿಗೆ ದಾರ ಪೋಣಿಸಿಕೊಡುವವರು ಯಾರು ಎಂದು ಕೇಳಿ

ಪ್ರಶ್ನೆ: ಮೇಡಂ, ನಾನು ಸಮಾಜಕಾರ್ಯ ಎಂ.ಎ. ವಿದ್ಯಾರ್ಥಿನಿ. ಎಪ್ಪತ್ತು ದಾಟಿದ 12 ಜನರನ್ನು ಮಾತಾಡಿಸಿ, ವಯಸ್ಸಾಗುವುದರ ಬಗ್ಗೆ ಅವರ ಅನುಭವ, ಅಭಿಪ್ರಾಯ ದಾಖಲಿಸಬೇಕು. ಮೂವರದು ಮುಗಿದಿದೆ. ಮೂವರೂ 'ಚೆನ್ನಾಗಿದ್ದೀನಮ್ಮ, ಮಕ್ಕಳು ಚೆನ್ನಾಗಿ ನೋಡ್ಕೋತಾರೆ' ಎಂದು ಸುಮ್ಮನಾದರು. ಒಂದು ಮನೆಯಲ್ಲಂತೂ ಸೊಸೆಯೇ ಪಕ್ಕದಲ್ಲಿ ಕೂತು ಎಲ್ಲಕ್ಕೂ ಉತ್ತರ ಕೊಟ್ಟರು. ಇನ್ನೊಂದು ಮನೆಯ ಅಜ್ಜಿ ಇದ್ದಕ್ಕಿದ್ದಂತೆ ಅತ್ತುಬಿಟ್ಟರು. ಗಾಬರಿಯಾಗಿ ರೆಕಾರ್ಡಿಂಗ್ ನಿಲ್ಲಿಸಿ ಎದ್ದು ಬಂದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ಮೊದಲು ಏನು ಕೇಳಿದಿರಿ ಎಂದು ಬರೆದಿಲ್ಲ. 'ವಯಸ್ಸಾದ ಮೇಲೆ ಜೀವನ ಹೇಗಿದೆ?' ಎಂಬಂಥದ್ದೇ ಇರಬೇಕು. ಮನೆಮಂದಿ ಕಿವಿಗೊಟ್ಟಿರುವಾಗ ಈ ಪ್ರಶ್ನೆಗೆ ಇರುವ ಮರ್ಯಾದೆಯ ಉತ್ತರ ಒಂದೇ. ಅದನ್ನು ಅವರು ಕೊಟ್ಟಿದ್ದಾರೆ. ಇನ್ನು ಮೇಲೆ ನಿನ್ನೆಯ ದಿನದ ಬಗ್ಗೆ ಕೇಳಿ. ಎಷ್ಟು ಹೊತ್ತಿಗೆ ಎಚ್ಚರವಾಯಿತು, ಮೊದಲು ಮಾತಾಡಿದ್ದು ಯಾರ ಜೊತೆ, ಯಾವ ಕೆಲಸ ಮಾಡಬೇಕು ಅಂದುಕೊಂಡು ಬಿಟ್ಟಿರಿ?

ಹಿರಿಯರ ಮಾತು ದಾಖಲಿಸುವ ಕೆಲಸಕ್ಕೆ ನಾನು ಇಳಿದ ಹೊಸತರಲ್ಲಿ 81 ವರ್ಷದ ದರ್ಜಿಯೊಬ್ಬರ ಎದುರು ಒಂದು ಗಂಟೆ ಕೂತಿದ್ದೆ. ಏನೂ ಸಿಗಲಿಲ್ಲ. ಏಳುವಾಗ ಸುಮ್ಮನೆ, 'ಈಗಲೂ ಹೊಲಿಯುತ್ತೀರಾ?' ಅಂದೆ. ಅವರು ಒಂದು ಡಬ್ಬಿ ತೆಗೆದು ತೋರಿಸಿದರು. ಒಳಗೆ ದಾರ ಪೋಣಿಸಿದ ಹತ್ತು ಸೂಜಿಗಳು. 'ಮೊಮ್ಮಗಳು ಶಾಲೆಗೆ ಹೋಗೋ ಮುಂಚೆ ಪೋಣಿಸಿಟ್ಟು ಹೋಗ್ತಾಳೆ. ಹತ್ತೂ ಮುಗಿದ್ರೆ ಅವಳು ಬರೋತನಕ ಕೈಕಟ್ಟಿ ಕೂರ್ತೀನಿ' ಅಂದರು. ಆ ಒಂದು ಗಂಟೆಯಲ್ಲಿ ನಾನು ಹುಡುಕುತ್ತಿದ್ದುದೆಲ್ಲ ಆ ಡಬ್ಬಿಯಲ್ಲಿತ್ತು.

ಅರವತ್ತರ ಹೊತ್ತಿಗೆ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ನೀವು ಕಿಟಕಿಗೆ ಬೆನ್ನು ಮಾಡಿ ಕೂತರೆ ನಿಮ್ಮ ಮುಖ ಅವರಿಗೆ ಬರೀ ನೆರಳು. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ತುಟಿ ಕಾಣಲಿ. ಕಿವಿಯಲ್ಲೂ ಮೊದಲು ಮಂದವಾಗುವುದು ಕೀಚಲು ಸ್ವರಗಳು. ಸ, ತ, ಫದಂಥ ವ್ಯಂಜನಗಳು ಕಳಚಿಹೋಗಿ ಮಾತು ಕಲಸಿದಂತೆ ಕೇಳಿಸುತ್ತದೆ. ಕಿರುಚಿದರೆ ಇನ್ನೂ ಕೆಡುತ್ತದೆ. ಟಿವಿ, ಫ್ಯಾನ್ ಆರಿಸಿ, ದನಿಯ ಕೀಚಲು ತಗ್ಗಿಸಿ, ನಿಧಾನವಾಗಿ ಮಾತಾಡಿ. ಆದರೆ ಮಗುವಿಗೆ ಹೇಳುವಂತೆ ರಾಗ ಎಳೆಯಬೇಡಿ. ಹೇಗೆ ಕರೆಯಲಿ ಎಂದು ಅವರನ್ನೇ ಕೇಳಿ. ನಿವೃತ್ತ ಗಣಿತ ಮೇಷ್ಟ್ರೊಬ್ಬರು, 'ನನ್ನ ಮೊಮ್ಮಕ್ಕಳಿಗೆ ನಾನು ಅಜ್ಜ, ನಿಮಗಲ್ಲ' ಎಂದು ನನಗೆ ನೇರವಾಗಿಯೇ ಹೇಳಿದ್ದರು. ಅವರು ಹೇಳಿದ್ದು ಸರಿ.

ಸೊಸೆಯ ವಿಷಯ. ಅವರನ್ನು ಹೊರಗೆ ಕಳಿಸಲು ಹೋಗಬೇಡಿ. 'ನೋಡಿಕೊಳ್ಳುವವರ ಮಾತೂ ನನಗೆ ಬೇಕು, ನಿಮ್ಮ ಜೊತೆ ಆಮೇಲೆ ಪ್ರತ್ಯೇಕವಾಗಿ ಕೂರುತ್ತೇನೆ' ಅನ್ನಿ. ಎಷ್ಟೋ ಸಲ ಅವರಿಗೂ ಹೇಳಿಕೊಳ್ಳಲು ಬೇಕಾದಷ್ಟಿರುತ್ತದೆ, ಕೇಳಿದವರಿರುವುದಿಲ್ಲ.

ಈಗಿನದು ಕೇಳಿದರೆ ಹಿರಿಯರು ತಮ್ಮ ಇಪ್ಪತ್ತನೇ ವಯಸ್ಸಿಗೆ ಹೊರಟುಬಿಡುತ್ತಾರೆ. ಎಳೆದು ತರಬೇಡಿ. ಹತ್ತರಿಂದ ಮೂವತ್ತರವರೆಗಿನ ನೆನಪುಗಳೇ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಎಂಬುದು ಮನಃಶಾಸ್ತ್ರದವರು ಮತ್ತೆ ಮತ್ತೆ ಕಂಡಿರುವ ಸಂಗತಿ. ಹಳೆಯದನ್ನೇ ಮಾತಾಡುವುದು ಬುದ್ಧಿ ಸಡಿಲಾದ ಲಕ್ಷಣ ಎಂದು ವೈದ್ಯರೂ ಭಾವಿಸಿದ್ದ ಕಾಲದಲ್ಲಿ, 1963ರಲ್ಲಿ, ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಅದು ಬದುಕನ್ನು ತೂಗಿನೋಡುವ ಸಹಜ ಕೆಲಸ ಎಂದು ಬರೆದರು. ವಯಸ್ಸಿನ ಕಾರಣಕ್ಕೆ ಜನರನ್ನು ಕೀಳಾಗಿ ಕಾಣುವುದಕ್ಕೆ 1969ರಲ್ಲಿ 'ಏಜಿಸಂ' ಎಂಬ ಹೆಸರು ಕೊಟ್ಟವರೂ ಅವರೇ. ಕಥೆ ಮುಗಿಯಲಿ. ಆಮೇಲೆ, 'ಆಗ ಹಾಗಿದ್ದವರು ನೀವು, ಈಗ?' ಎಂದು ಮೆಲ್ಲಗೆ ಕೇಳಿ.

ಅಭಿಪ್ರಾಯಕ್ಕಾಗಿ ನಾನು ತಪ್ಪದೆ ಕೇಳುವ ಪ್ರಶ್ನೆ: 'ಮನಸ್ಸಿನೊಳಗೆ ನಿಮಗೆ ಎಷ್ಟು ವಯಸ್ಸು?' ಹೆಚ್ಚಿನವರು ಕಡಿಮೆಯೇ ಹೇಳುತ್ತಾರೆ. ಆ ಸಂಖ್ಯೆಯನ್ನು ಬರೆದುಕೊಂಡು ಮುಂದಕ್ಕೆ ಹೋಗಬೇಡಿ, ಆ ವಯಸ್ಸಿನಲ್ಲಿ ಏನು ನಡೆದಿತ್ತು ಎಂದು ಕೇಳಿ. ಇಂಥ ಅಭಿಪ್ರಾಯಗಳು ಬರೀ ಹರಟೆ ಅಂದುಕೊಳ್ಳಬೇಡಿ. ಅಮೆರಿಕದ ಸಂಶೋಧಕಿ ಬೆಕಾ ಲೆವಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದರು.

ಇನ್ನು ಅಳು. ಅವರನ್ನು ಅಳಿಸಿದೆ ಎಂಬ ಅಪರಾಧ ಭಾವ ನಿಮಗೆ ಬೇಡ. ಆದರೆ ಎದ್ದು ಬರಬಾರದಿತ್ತು. 'ನಿಲ್ಲಿಸಲಾ, ಮುಂದುವರಿಸೋಣವಾ?' ಎಂದು ಕೇಳಿ, ಅವರ ಉತ್ತರಕ್ಕೆ ಕಾಯಬೇಕಿತ್ತು. ಕಾಯುವುದನ್ನು ನಾನೂ ತಡವಾಗಿ ಕಲಿತೆ. ನನ್ನ ಹಳೆಯ ಕ್ಯಾಸೆಟ್ಟೊಂದರಲ್ಲಿ ಒಬ್ಬ ಹೆಂಗಸು ಗಂಡ ತೀರಿಕೊಂಡ ದಿನವನ್ನು ಹೇಳಿ ನಿಲ್ಲಿಸುತ್ತಾರೆ. ಮೂರು ಸೆಕೆಂಡು ಮೌನ. ಅವರು 'ಆದರೆ...' ಅನ್ನುತ್ತಾರೆ. ಅಷ್ಟರಲ್ಲಿ ನನ್ನ ದನಿ ಮುಂದಿನ ಪ್ರಶ್ನೆ ಕೇಳಿಬಿಡುತ್ತದೆ. ಮನೆಗೆ ಬಂದು ಕೇಳಿಸಿಕೊಂಡಾಗಲೇ ಆ ಪದ ನನ್ನ ಕಿವಿಗೆ ಬಿದ್ದದ್ದು. ಮತ್ತೆ ಹೋಗಬೇಕು ಅಂದುಕೊಂಡಿದ್ದೆ, ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಈಗ ಯಾರಾದರೂ ಮಾತು ನಿಲ್ಲಿಸಿದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ.

ಉಳಿದ ಒಂಬತ್ತು ಜನರ ಬಳಿಗೆ ಹೋಗುವ ಮುಂಚೆ ಆ ಅಜ್ಜಿಯ ಮನೆಗೆ ಹೋಗಿಬನ್ನಿ. ರೆಕಾರ್ಡರ್ ಒಯ್ಯಬೇಡಿ. 'ಅವತ್ತು ಹಾಗೆ ಎದ್ದುಹೋದೆ, ಆಮೇಲೆ ನಿಮ್ಮದೇ ಯೋಚನೆಯಾಯಿತು' ಎಂದಷ್ಟೇ ಹೇಳಿ. ಅವರು ಮಾತಾಡಿದರೆ ಕೇಳಿಸಿಕೊಳ್ಳಿ. ಅದನ್ನು ಪ್ರಬಂಧಕ್ಕೆ ಸೇರಿಸಬಹುದೇ ಎಂಬುದನ್ನು ಇನ್ನೊಂದು ದಿನ ಕೇಳಿದರಾಯಿತು.