ಎಂಪಿ3ಯ ಹೆಸರು ಬದಲಿಸಿದರೆ ಎಂ4ಆರ್ ಆಗುವುದಿಲ್ಲ

ಮುಂಬೈ ಬಳಿಯ ಡೊಂಬಿವಲಿಯ ಯಕ್ಷಗಾನದಲ್ಲಿ ರೆಕಾರ್ಡ್ ಮಾಡಿದ ಚೆಂಡೆಯನ್ನು ರಿಂಗ್‌ಟೋನ್ ಮಾಡಲು, ಅದರ ಎಂಪಿ3ಗೆ ಎಂ4ಆರ್ (ಐಫೋನ್ ರಿಂಗ್‌ಟೋನಿನ ಫೈಲ್ ಬಗೆ) ಅಂತ ಹೆಸರಿಟ್ಟರೂ ಐಫೋನಿನಲ್ಲಿ ಕಾಣುತ್ತಿಲ್ಲ ಅಂದಿದ್ದೀರಿ. ತೊಂದರೆ ಇರುವುದು ಅಲ್ಲೇ. ಎಂ4ಆರ್ ಒಳಗೆ ಇರಬೇಕಾದದ್ದು ಎಂಪಿ3 ಅಲ್ಲ, ಎಎಸಿ ಅನ್ನುವ ಬೇರೆ ಬಗೆಯ ಆಡಿಯೋ. ಎಎಸಿ ಇರುವ ಎಂ4ಎ ಫೈಲಾದರೆ ಹೆಸರು ಬದಲಿಸಿದರೆ ಸಾಕು, ಎರಡೂ ಒಳಗೆ ಒಂದೇ. ಎಂಪಿ3ಯನ್ನು ಮೊದಲು ಪರಿವರ್ತಿಸಲೇಬೇಕು.

ವಿಂಡೋಸ್ ಅಂತ ಬರೆದಿದ್ದೀರಲ್ಲ, ಆಪಲ್‌ನ ಐಟ್ಯೂನ್ಸ್ ಸಾಕು. ಸುಮ್ನೆ ಆನ್‌ಲೈನ್ ಕನ್ವರ್ಟರ್‌ಗಳ ಹಿಂದೆ ಹೋಗಬೇಡಿ. ಫೈಲನ್ನು ಐಟ್ಯೂನ್ಸ್‌ನಲ್ಲಿ ಹಾಕಿ, ಸಾಂಗ್ ಇನ್ಫೋ, ಆಪ್ಶನ್ಸ್‌ಗೆ ಹೋಗಿ ಸ್ಟಾರ್ಟ್, ಸ್ಟಾಪ್ ಸಮಯ ಕೊಡಿ. 30 ಸೆಕೆಂಡಿನೊಳಗೆ ಇರಲಿ. ಚೆಂಡೆ ಜೋರಾಗುವ ಕಡೆಯಿಂದಲೇ ಶುರು ಮಾಡಿ. ಮೆಲ್ಲಗೆ ಏರುವ ಪೆಟ್ಟು ಲೋಕಲ್ ಟ್ರೇನಿನಲ್ಲಿ ಯಾರಿಗೆ ಕೇಳುತ್ತೆ? ಆಮೇಲೆ ಫೈಲ್, ಕನ್ವರ್ಟ್, ಕ್ರಿಯೇಟ್ ಎಎಸಿ ವರ್ಷನ್. ಆ ಆಯ್ಕೆ ಕಾಣದಿದ್ದರೆ ಪ್ರಿಫರೆನ್ಸಸ್‌ನ ಇಂಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಎಎಸಿ ಎನ್‌ಕೋಡರ್ ಆರಿಸಿ.

ಈಗ ಬಂದ ಎಂ4ಎ ಫೈಲನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿಯೇ, ಹೆಸರಿನ ಕೊನೆಯ ಎಂ4ಎ (.m4a) ತೆಗೆದು ಎಂ4ಆರ್ (.m4r) ಅಂತ ಬದಲಿಸಿ. ಇಲ್ಲದಿದ್ದರೆ "ಚೆಂಡೆ.ಎಂ4ಆರ್.ಎಂ4ಎ" ಆಗಿ ಕೂತಿರುತ್ತೆ, ಕಣ್ಣಿಗೆ ಮಾತ್ರ ಸರಿಯಾಗಿಯೇ ಕಾಣುತ್ತೆ. ಬಹುಶಃ ನಿಮಗೆ ಇದೂ ಆಗಿರಬಹುದು.

ಫೋನನ್ನು ಕೇಬಲ್‌ನಿಂದ ಜೋಡಿಸಿ, ಐಟ್ಯೂನ್ಸ್‌ನ ಎಡಗಡೆ ಫೋನಿನ ಹೆಸರಿನ ಕೆಳಗಿರುವ ಟೋನ್ಸ್ ಮೇಲೆ ಫೈಲನ್ನು ಎಳೆದು ಬಿಡಿ. ಟೋನ್ಸ್ ಕಾಣದಿದ್ದರೆ ಫೋನಿನ ಹೆಸರಿನ ಮೇಲೆಯೇ ಬಿಡಿ. ನಂತರ ಫೋನಿನ ಸೆಟ್ಟಿಂಗ್ಸ್, ಸೌಂಡ್ಸ್ ಆ್ಯಂಡ್ ಹ್ಯಾಪ್ಟಿಕ್ಸ್, ರಿಂಗ್‌ಟೋನ್‌ಗೆ ಹೋಗಿ. ಪಟ್ಟಿಯ ಮೇಲ್ಗಡೆಯೇ ಸಿಗುತ್ತೆ.