ಫೋನಿನಲ್ಲಿ ತಿರುಗದ ಪಂಪ್

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಮೊನೊಬ್ಲಾಕ್ ಪಂಪ್ (ಮೋಟಾರ್ ಮತ್ತು ಪಂಪ್ ಒಂದೇ ಘಟಕವಾಗಿರುವುದು) ತಯಾರಿಸುವ ಸಣ್ಣ ಘಟಕ. ಸರ್ವಿಸ್ ಕೈಪಿಡಿಯಲ್ಲಿ ತ್ರೀಡಿ ಚಿತ್ರವಿರುವ ಪಿಡಿಎಫ್ ಮಾಡಿಸಿದೆವು. ಕಚೇರಿಯ ಕಂಪ್ಯೂಟರಿನಲ್ಲಿ ಪಂಪ್ ತಿರುಗುತ್ತದೆ, ಮೆಕ್ಯಾನಿಕ್‌ಗಳ ಫೋನಿನಲ್ಲಿ ಬರೀ ನಿಂತ ಚಿತ್ರ. ಯಾಕೆ?

ಉತ್ತರ: ನಿಮ್ಮ ಫೈಲ್ ಕೆಟ್ಟಿಲ್ಲ. ಪಿಡಿಎಫ್ ಒಳಗಿನ ತ್ರೀಡಿ ಯು3ಡಿ ಅಥವಾ ಪಿಆರ್‌ಸಿ ರೂಪದಲ್ಲಿರುತ್ತದೆ. ಕಂಪ್ಯೂಟರಿನ ಅಡೋಬಿ ರೀಡರ್ ಅದನ್ನು ತೋರಿಸುತ್ತದೆ, ಅಲ್ಲೂ ಮೊದಲು ಅನುಮತಿ ಕೊಡಬೇಕು. ಫೋನಿನ ಸಾಮಾನ್ಯ ಪಿಡಿಎಫ್ ಆಪ್‌ಗಳಿಗೆ ಅದು ಅರ್ಥವಾಗುವುದಿಲ್ಲ. ಫೋನಿಗಾದರೆ ಜಿಎಲ್‌ಬಿ ಫೈಲ್ (ವೆಬ್ ಪುಟಗಳಲ್ಲಿ ಬಳಸುವ ತ್ರೀಡಿ ರೂಪ) ಮಾಡಿ, ವೆಬ್ ಪುಟದಲ್ಲಿಟ್ಟು, ಪಂಪಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿ. ತಿರುಗಿಸಿ ನೋಡಲು, ಬಿಚ್ಚುವ ಅನಿಮೇಷನ್ ಓಡಿಸಲು ವೆಬ್ ಪುಟದಲ್ಲಿ ತ್ರೀಡಿ ತೋರಿಸುವ ಗೂಗಲ್‌ನ ಮಾಡೆಲ್ ವ್ಯೂವರ್ ಸಾಕು. ಭಾಗವನ್ನು ಮುಟ್ಟಿದರೆ ಅದರ ನಂಬರ್ ಬರಬೇಕೆಂದರೆ ತ್ರೀ ಡಾಟ್ ಜೆಎಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಪ್ರೋಗ್ರಾಂ ಬರೆಸಿ.

ಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶದಿಂದ ಸ್ಟೆಪ್ ಫೈಲ್ (ಬೇರೆ ತಂತ್ರಾಂಶಗಳೂ ಓದಬಲ್ಲ ವಿನ್ಯಾಸದ ಫೈಲ್) ತೆಗೆಯುವ ಮೊದಲೇ ಪ್ರತಿ ಭಾಗಕ್ಕೆ ನಿಮ್ಮ ಬಿಡಿಭಾಗಗಳ ಪಟ್ಟಿಯ ನಂಬರನ್ನೇ ಹೆಸರಾಗಿ ಕೊಡಿ. ಆಮೇಲೆ ಬೋಲ್ಟಿನ ಥ್ರೆಡ್, ಎರಕದ ಅಕ್ಷರ, ಮೆಕ್ಯಾನಿಕ್ ಬಿಚ್ಚದ ಮೋಟಾರಿನ ಒಳಭಾಗ ಎಲ್ಲವನ್ನೂ ತೆಗೆಯಿರಿ. ಫೈಲ್ ಭಾರವಾಗುವುದು ಹೆಚ್ಚಾಗಿ ಇವುಗಳಿಂದಲೇ. ಸ್ಟೆಪ್ ಫೈಲನ್ನು ಜಿಎಲ್‌ಬಿ ಮಾಡಲು ಮೇಲ್ಮೈಯನ್ನು ತ್ರಿಕೋನಗಳಾಗಿ ಒಡೆಯುವಾಗ, ನಿಜವಾದ ಆಕಾರದಿಂದ ಕೇಸಿಂಗ್‌ಗೆ (ಹೊರಕವಚ) 0.5 ಮಿ.ಮೀ., ಸೀಲ್ (ನೀರು ಸೋರದಂತೆ ತಡೆಯುವ ಭಾಗ) ಮತ್ತು ಶಾಫ್ಟ್‌ಗೆ 0.1 ಮಿ.ಮೀ. ವ್ಯತ್ಯಾಸದಿಂದ ಶುರುಮಾಡಿ ನೋಡಿ. ಇನ್ನೂ ಒರಟಾದರೆ ದುಂಡು ತಲೆಯ ಬೋಲ್ಟ್ ಷಟ್ಕೋನದಂತೆ ಕಂಡು, ಮೆಕ್ಯಾನಿಕ್ ತಪ್ಪು ಸ್ಪ್ಯಾನರ್ ಹುಡುಕುತ್ತಾನೆ.

ಜನ ಹೆಚ್ಚು ಎಡವುವುದು ಫೈಲ್ ಕುಗ್ಗಿಸುವಾಗ. ಕುಗ್ಗಿಸಲು ಬಳಸುವ ಜಿಎಲ್‌ಟಿಎಫ್‌ಪ್ಯಾಕ್ ಎಂಬ ತಂತ್ರಾಂಶ ತಾನಾಗಿಯೇ ಭಾಗಗಳನ್ನು ಒಟ್ಟುಗೂಡಿಸಿಬಿಡುತ್ತದೆ; ಆಗ ಹೆಸರುಗಳು ಹೋಗಿ, ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಗಳ ಚಕ್ರ) ಮುಟ್ಟಿದರೂ ಏನೂ ಬರುವುದಿಲ್ಲ. ‘ಕೆಎನ್’ (-kn) ಆಯ್ಕೆ ಹಾಕಿದರೆ ಹೆಸರುಗಳು ಉಳಿಯುತ್ತವೆ. ಅಳತೆಯನ್ನೂ ಪರೀಕ್ಷಿಸಿ: ಜಿಎಲ್‌ಬಿಯ ಮಾನ ಮೀಟರ್, ಕ್ಯಾಡ್‌ನದು ಸಾಮಾನ್ಯವಾಗಿ ಮಿ.ಮೀ. ಬದಲಾಯಿಸದಿದ್ದರೆ 300 ಮಿ.ಮೀ. ಪಂಪ್ 300 ಮೀಟರ್ ಆಗುತ್ತದೆ. ಪರದೆಯಲ್ಲಿ ತಿಳಿಯುವುದಿಲ್ಲ, ಎಆರ್‌ನಲ್ಲಿ (ಫೋನಿನ ಕ್ಯಾಮೆರಾ ದೃಶ್ಯದಲ್ಲಿ ಮಾಡೆಲ್ ಇಟ್ಟು ತೋರಿಸುವ ತಂತ್ರ) ನೆಲದ ಮೇಲಿಟ್ಟು ನೋಡಿದಾಗ ಗೊತ್ತಾಗುತ್ತದೆ.

ಎಲ್ಲ ಹೆಜ್ಜೆಗೂ ತ್ರೀಡಿ ಬೇಡ. ಮೆಕ್ಯಾನಿಕಲ್ ಸೀಲಿನ ಯಾವ ಮುಖ ಯಾವ ಕಡೆ ಎಂಬಂಥ, ಚಿತ್ರದಲ್ಲಿ ಗೊಂದಲವಾಗುವ ಜಾಗಕ್ಕೆ ಬಳಸಿ. ಬೋಲ್ಟಿನ ಟಾರ್ಕ್ (ಎಷ್ಟು ಬಿಗಿಸಬೇಕೆಂಬ ಅಳತೆ), ಇಂಪೆಲ್ಲರ್ ಸಂದು ಇವು ಅಕ್ಷರದಲ್ಲೇ, ಮುದ್ರಿತ ಪುಟದಲ್ಲೇ ಇರಲಿ. ತೋಟದ ಬಾವಿಯ ಹತ್ತಿರ ನೆಟ್‌ವರ್ಕ್ ಇರುವುದಿಲ್ಲವಲ್ಲ.

ಪ್ರಶ್ನೆ: ಮಾಡೆಲ್ ಹೊರಗೆ ಬಿಟ್ಟರೆ ನಮ್ಮ ಡಿಸೈನ್ ಕದಿಯುವುದಿಲ್ಲವೇ?

ಉತ್ತರ: ಬ್ರೌಸರಿಗೆ ಬಂದ ಜಿಎಲ್‌ಬಿಯನ್ನು ಯಾರು ಬೇಕಾದರೂ ಉಳಿಸಿಕೊಳ್ಳಬಹುದು, ಪಾಸ್‌ವರ್ಡ್ ಬಾಗಿಲನ್ನಷ್ಟೇ ಕಾಯುತ್ತದೆ. ಆದ್ದರಿಂದ ಇಂಪೆಲ್ಲರಿನ ರೆಕ್ಕೆಗಳ ನಿಜವಾದ ಬಾಗನ್ನು ಹಾಕಬೇಡಿ, ಹೊರ ಆಕಾರ ಸಾಕು. ಕಳಚಿ ಜೋಡಿಸಲು ಮೆಕ್ಯಾನಿಕ್‌ಗೆ ಅಷ್ಟೇ ಬೇಕು.