ಬೀಚ್ ಪಕ್ಕದ ಜಾಗ ಅದರ ಹಿಂದೆ ಇರುವ ಸೈಟಿಗಿಂತ ಅಗ್ಗಕ್ಕೆ ಸಿಗುತ್ತಿದೆ, ಯಾಕೆ?

ಬಹುತೇಕ ಸಲ ಕಾರಣ ಒಂದೇ: ಅಲ್ಲಿ ಹೊಸ ಮನೆ ಕಟ್ಟಲು ಪರ್ಮಿಷನ್ ಸಿಗುವುದಿಲ್ಲ.

ಇದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 1991ರಲ್ಲಿ ಬಂತು, 2019ರಲ್ಲಿ ಬದಲಾಯಿತು. 2019ರ ನಿಯಮದಂತೆ ಹಳ್ಳಿಗಳಲ್ಲಿ ಭರತದ, ಅಂದರೆ ಸಮುದ್ರದ ಉಬ್ಬರದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡ ಕಷ್ಟ. ಜನದಟ್ಟಣೆ ತುಂಬಾ ಜಾಸ್ತಿ ಇರುವ ಹಳ್ಳಿಯಾದರೆ 50 ಮೀಟರ್. ಮೊದಲೇ ಇರುವ ಅಧಿಕೃತ ಮನೆಯ ರಿಪೇರಿಗೆ ಅವಕಾಶವಿದೆ.

ಜನ ಎಡವುವುದು ಅಳತೆಯಲ್ಲಿ. ಅಲೆ ಮುಟ್ಟುವ ಮರಳಿನಿಂದ ಹೆಜ್ಜೆ ಹಾಕಿ "ಇನ್ನೂರು ದಾಟಿತು" ಅನ್ನುತ್ತಾರೆ. ಆದರೆ ಲೆಕ್ಕ ಹಿಡಿಯುವುದು ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ನೀರು ಏರುವ ಗೆರೆಯಿಂದ. ಅದು ಸರ್ಕಾರದ ನಕ್ಷೆಯಲ್ಲಿರುತ್ತದೆ. ಇಳಿತದ ಹೊತ್ತಿಗೆ ಸೈಟ್ ತೋರಿಸುವ ಬ್ರೋಕರ್‌ಗಳೂ ಇದ್ದಾರೆ, ಏನು ಮಾಡೋದು! ಭರತದ ನೀರು ನುಗ್ಗುವ ಹೊಳೆ, ಅಳಿವೆ ಪಕ್ಕದ ಜಾಗಕ್ಕೂ ಸಿಆರ್‌ಝಡ್ ಇದೆ, ದೂರ ಮಾತ್ರ ಬೇರೆ.

"ರಿಜಿಸ್ಟರ್ ಆಗುತ್ತೆ ಸಾರ್, ಭಯ ಬೇಡ" ಎಂಬ ಮಾತಿಗೆ ಮರುಳಾಗಬೇಡಿ. ರಿಜಿಸ್ಟರ್ ಆದರೆ ಜಾಗ ನಿಮ್ಮದಾಗುತ್ತದೆ, ಕಟ್ಟುವ ಹಕ್ಕು ಬರುವುದಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ಪಹಣಿಯ ಸರ್ವೆ ನಂಬರ್ ಹಿಡಿದು ಉಡುಪಿ, ಮಂಗಳೂರು ಅಥವಾ ಕಾರವಾರದ ಸಿಆರ್‌ಝಡ್ ಕಚೇರಿಯಲ್ಲಿ ಕೇಳಿ.